ಪಟ್ಟಿ ಬಿಚ್ಚಿದ ದಿನ

"ಮುಟ್ಟಬ್ಯಾಡ್ರಿ!"

ಕೊಪ್ಪಳದ ಆಸ್ಪತ್ರೆಯ ಡ್ರೆಸ್ಸಿಂಗ್ ಕೋಣೆಯಲ್ಲಿ ವಿಜಯಲಕ್ಷ್ಮಿ ಕಾಲು ಹಿಂದಕ್ಕೆಳೆದುಕೊಂಡಳು. ಎದುರಿಗೆ ಕೈಗವಸು ತೊಟ್ಟು ಕುಳಿತಿದ್ದ ಹೊಸ ನರ್ಸ್... ಅಯ್ಯೋ, ಹನುಮಸಾಗರದ ದುರಗೇಶ!

ಅವಳ ಸೋದರಮಾವನ ಮಗ. ತೊಟ್ಟಿಲಲ್ಲಿದ್ದಾಗಲೇ ಅವಳು ಇವನಿಗೇ ಎಂದು ಹಿರಿಯರು ಮಾತಾಡಿದ್ದರು. ಕಾಲಿನಲ್ಲಿ ಹುಣ್ಣೆದ್ದ ಮೇಲೆ ಅವಳು ಅವನ ಕಣ್ಣಿಗೇ ಬಿದ್ದಿರಲಿಲ್ಲ.

"ವಾಸನಿ ಬರ್ತೈತಿ ಮಾವ... ಬ್ಯಾರೆಯವ್ರನ್ನ ಕರಿ."

"ಊರ ಮಂದಿ ಗಾಯ ತೊಳಿಯಾಂವ ನಾನು. ನಿಂದೊಂದ ಭಾರ ಆಗ್ತೈತೇನು? ಕಾಲ ಕೊಡ ವಿಜಿ!"

ಅಷ್ಟು ಮೆಲ್ಲಗೆ ಯಾರೂ ಆ ಗಾಯ ತೊಳೆದಿರಲಿಲ್ಲ. 'ದೇವರೇ, ಈ ಪಟ್ಟಿ ಇನ್ನಷ್ಟು ಉದ್ದ ಇರಬಾರದೇ!' ಎಂದುಕೊಂಡಳು.

ಹಟ ಹಿಡಿದು ಅವಳ ರಕ್ತ ಪರೀಕ್ಷೆ ಮಾಡಿಸಿದವನೂ ಅವನೇ. ವರದಿ ಬಂದಾಗ ಡಾಕ್ಟರಮ್ಮ ಅವಳ ತಾಯಿ ಪಕ್ಕೀರವ್ವನಿಗೆ ಬಿಡಿಸಿ ಹೇಳಿದರು.

"ಇದು ಅಂಟುರೋಗ ಅಲ್ಲಮ್ಮ. ತಂದೆ ತಾಯಿ ಇಬ್ಬರಿಂದಲೂ ವಂಶವಾಹಿಯ ದೋಷ ಬಂದಾಗ ಮಾತ್ರ ಹೀಗಾಗುತ್ತೆ. ಒಳಗಿನ ಉರಿಯೂತ ತಣಿಯದೆ ಮೇಲಿನ ಮುಲಾಮು ಏನೂ ಮಾಡಲ್ಲ. ಅದಕ್ಕೆ ಇಂಜೆಕ್ಷನ್ ಇದೆ. ಆದರೆ ಸಂಬಂಧದಲ್ಲೇ ಮದುವೆ ಅಂದ್ರೆ ಯೋಚಿಸಿ..."

ಬಾಗಿಲಲ್ಲಿ ನಿಂತು ಕೇಳಿಸಿಕೊಂಡ ದುರಗೇಶ ಮರುದಿನದಿಂದ ಆ ಕೋಣೆಗೇ ಬರಲಿಲ್ಲ!

ಇಂಜೆಕ್ಷನ್ ಫಲಿಸಿತು. ವರ್ಷಗಟ್ಟಲೆ ಆರದ ಹುಣ್ಣು ಅಂಚಿನಿಂದ ಕೂಡುತ್ತ ಬಂತು.

"ಗಾಯ ಮಾಯಾಕತ್ತೈತಿ, ಯಾಕ ಅಳ್ತಿ ಹುಚ್ಚಿ?" ಎಂದಳು ಪಕ್ಕೀರವ್ವ.

ಅವಳ ಕಣ್ಣು ಬಾಗಿಲ ಕಡೆಗೇ ಇತ್ತು.

ಒಂದು ಮಧ್ಯಾಹ್ನ ಇರಕಲ್ಲಗಡದ ಅವರ ಮನೆ ಮುಂದೆ ಬೈಕು ನಿಂತಿತು. ದುರಗೇಶ ಏದುಸಿರು ಬಿಡುತ್ತ ಒಳಬಂದ.

"ಯಾಕ ಬಂದಿ? ಹೇಸಿಕಿ ಅಂತ ಓಡಿಹೋದ್ಯಲ್ಲ!"

"ಹೇಸಿಕಿ ಅಲ್ಲ, ಹೆದರಿಕಿ! ನಮ್ಮಪ್ಪ, ನಿಮ್ಮವ್ವ ಒಂದ ಹೊಟ್ಟೀವ್ರು. ಆ ದೋಷ ನನ್ನಾಗೂ ಇದ್ರ ನಮ್ಮ ಮಕ್ಕಳಿಗೆ ಗತಿ ಏನು? ನಂದೂ ರಕ್ತ ಕಳಿಸಿದ್ದೆ. ಇವತ್ತ ಗೊತ್ತಾತು... ನನ್ನಾಗ ಇಲ್ಲ ವಿಜಿ, ಇಲ್ಲ!"

ಅವಳ ಎದೆ ಜಿಗಿಯಿತು. ಆದರೂ ಕೇಳಿದಳು, "ಇದ್ದಿದ್ರ?"

"ಇದ್ದಿದ್ರೂ ಬರ್ತಿದ್ದೆ. ಮಕ್ಕಳ ಮಾತು ಇಬ್ಬರೂ ಕುಂತು ಆಡ್ತಿದ್ವಿ. ನಿನಗ ಹೇಳದ ದೂರ ಹೋಗಿದ್ದು ನನ್ನ ತಪ್ಪು."

ಅವಳು ತಾನಾಗಿಯೇ ಕಾಲು ಮುಂದೆ ಚಾಚಿದಳು. ಅವನು ಕೈ ತೊಳೆದು ಬಂದು ಪಟ್ಟಿ ಬಿಚ್ಚಿದ. ಒಳಗೆ ತೆಳುಗೆಂಪಿನ ಹೊಸ ಚರ್ಮ!

"ಪೂರಾ ಕೂಡೇತಿ! ಇನ್ನ ಪಟ್ಟಿ ಬ್ಯಾಡ."

"ಹಂಗಾರ ನೀ ಬರಾಕ ನೆಪ ಏನು ಮಾವ?"

"ನೆಪ ಯಾಕ? ನಾಳೆ ಅಪ್ಪನ್ನ ಕರಕೊಂಡ ಬರ್ತೀನಿ, ನಿನ್ನ ಕೇಳಾಕ."

"ಅಪ್ಪನ್ನ ಆಮ್ಯಾಲೆ ಕರಿ... ಮೊದಲ ನೀ ಕೇಳು."

ಅವನು ಕೇಳಿದ. ಕಾಲು ಅವನ ಕೈಯಲ್ಲೇ ಇತ್ತು. ಅವಳು ಎಳೆದುಕೊಳ್ಳಲಿಲ್ಲ.