ಇಂಚರಾಳ ಅರ್ಧ ಗಂಟೆಯ ಊಟ

"ಬಾಯಿ ಸಿಹಿ ಮಾಡ್ಕೊಳಮ್ಮ," ಎನ್ನುತ್ತಾ ಹುಡುಗನ ತಾಯಿ ಲತಾ, ಕೇಸರಿಬಾತಿನ ಚಮಚವನ್ನು ಇಂಚರಾಳ ತುಟಿಯ ಹತ್ತಿರ ತಂದರು. ಎದುರಿನ ಸೋಫಾದಲ್ಲಿ ಶ್ರೀಶ. ಅವನ ಕಣ್ಣು ಆ ಚಮಚದ ಮೇಲೇ ಇತ್ತು.

ಇಂಚರಾ ಮುಖ ತಿರುಗಿಸಿದಳು.

ರಾಜಾಜಿನಗರದ ಇಂಚರಾಳ ಮನೆಯ ಹಾಲ್‌ನಲ್ಲಿ ಲತಾ ಚಮಚವನ್ನು ಮೆಲ್ಲಗೆ ತಟ್ಟೆಗೆ ಇಳಿಸಿದರು. ಹೆಣ್ಣು ನೋಡಲು ಬಂದಾಗ ಹುಡುಗನ ತಾಯಿ ಕೊಟ್ಟ ಸಿಹಿ ತಿಂದರೆ ಒಪ್ಪಿಗೆ, ಬಿಟ್ಟರೆ ಇಲ್ಲ. ಎರಡೂ ಮನೆಗಳಲ್ಲಿ ನಡೆದುಬಂದ ಪದ್ಧತಿ ಅದು.

"ಬಿಡಮ್ಮ, ಬಲವಂತ ಬೇಡ," ಎಂದು ಶ್ರೀಶ ಎದ್ದ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಅದಕ್ಕೇ ಇಂಚರಾಗೆ ಇನ್ನೂ ನೋವಾಯಿತು.

ಹತ್ತು ನಿಮಿಷದ ಹಿಂದಷ್ಟೇ ಬಾಲ್ಕನಿಯಲ್ಲಿ ಅವನ ಮಾತಿಗೆ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದಳು.

'ನೀವು ನನಗೆ ಇಷ್ಟ ಕಣ್ರೀ... ಆದ್ರೆ ಆ ಸಕ್ಕರೆ ಒಳಗೆ ಹೋದ್ರೆ ಎದೆ ಡವಡವ ಹೊಡ್ಕೊಂಡು ಇಲ್ಲೇ ಬೆವತು ಬೀಳ್ತೀನಿ...'

ಹೇಳೋಣವೆಂದರೆ ಅಮ್ಮ ಸೀತಾ ಕಣ್ಣಲ್ಲೇ ಹೆದರಿಸುತ್ತಿದ್ದರು.

ಐದು ವಾರದ ಹಿಂದೆ ಇಂಚರಾಗೆ ಹೊಟ್ಟೆ ಚಿಕ್ಕದು ಮಾಡಿ ತೂಕ ಇಳಿಸುವ ಆಪರೇಷನ್ ಆಗಿತ್ತು. ಇಪ್ಪತ್ತೊಂಬತ್ತಕ್ಕೇ ಶುಗರ್, ಮೆಟ್ಟಿಲು ಹತ್ತಿದರೆ ಏದುಸಿರು ಎಂದು ಮಾಡಿಸಿಕೊಂಡಿದ್ದಳು. ಅಂದಿನಿಂದ ಸಿಹಿ ಅವಳ ಹೊಟ್ಟೆಗೆ ಒಗ್ಗುತ್ತಿರಲಿಲ್ಲ. ಮೈ ಇಳಿಯತೊಡಗಿದ್ದೇ ತಡ, ಸೀತಾ ಆತುರಾತುರವಾಗಿ ಗಂಡು ಹುಡುಕಿದ್ದರು.

"ಹೊಟ್ಟೆ ಕುಯ್ಯಿಸಿಕೊಂಡವಳು ಅಂದ್ರೆ ಯಾರು ಮಾಡ್ಕೊತಾರೆ? ಬಾಯಿ ಬಿಡಬೇಡ," ಎಂದು ಅಪ್ಪಣೆಯನ್ನೂ ಕೊಟ್ಟಿದ್ದರು.

ಬಾಯಿ ಮುಚ್ಚಿಕೊಂಡು ಇರಬಹುದು. ಆದರೆ ಬಾಯಿ ಮುಚ್ಚಿಕೊಂಡು ತಿನ್ನುವುದು ಹೇಗೆ?

ದಿನಕ್ಕೆ ಅರವತ್ತು ಗ್ರಾಂ ಪ್ರೋಟೀನ್ ಹೊಟ್ಟೆಗೆ ಹೋಗಲೇಬೇಕು ಎಂದಿದ್ದರು ಡಯಟೀಷಿಯನ್. ಆ ಹೊಟ್ಟೆಯೋ, ಐದಾರು ಚಮಚಕ್ಕೇ ಸಾಕು ಎನ್ನುತ್ತಿತ್ತು. ಮಿದ್ದ ಪನೀರ್, ನುಣ್ಣಗೆ ಬೆಂದ ಹೆಸರುಬೇಳೆ ತೊವ್ವೆ, ಬಟ್ಟೆಯಲ್ಲಿ ಬಸಿದ ಗಟ್ಟಿ ಮೊಸರು. ದಿನಕ್ಕೆ ಆರು ಸಲ, ಸಲಕ್ಕೆ ಅರ್ಧ ಗಂಟೆ.

ಅವಳು ಪಾಠ ಹೇಳುವ ವಿಜಯನಗರದ ಶಾಲೆಯಲ್ಲಿ ಸ್ಟಾಫ್ ರೂಮಿಗೆ ಹೋದರೆ ನೂರು ಪ್ರಶ್ನೆ. ಹಾಗಾಗಿ ಲ್ಯಾಬಿನ ಬಾಗಿಲು ಮುಂದೆ ಮಾಡಿಕೊಂಡು ಡಬ್ಬಿ ತೆರೆಯುತ್ತಿದ್ದಳು. ಆಚೆ ಟೀಚರುಗಳು ಪಲ್ಯ ಹಂಚಿಕೊಂಡು ನಗುವುದು ಕೇಳುತ್ತಿತ್ತು.

ಮನೆಯಲ್ಲೂ ಅಷ್ಟೇ. ಸುಸ್ತು ಎಂದರೆ ಸೀತಾ ಗಂಜಿ ಮಾಡಿಕೊಡುವರು. ಪ್ರೀತಿಯೇನೋ ಹೌದು, ಆದರೆ ಗಂಜಿ ಕುಡಿದರೆ ತೊವ್ವೆಗೆ ಜಾಗ ಉಳಿಯುತ್ತಿರಲಿಲ್ಲ. ಅಮ್ಮನನ್ನು ನೋಯಿಸಲಾರದೆ ಅದನ್ನೂ ಕುಡಿಯುವಳು. ಇಷ್ಟು ಜನರ ಮಧ್ಯೆ ಅವಳು ಒಂಟಿ.

ಶ್ರೀಶನ ನಗು ಮರೆಯಲು ಎಂಟು ದಿನ ಒದ್ದಾಡಿದಳು. ಒಂಬತ್ತನೆಯ ದಿನ ತಾನೇ ಫೋನ್ ಮಾಡಿದಳು.

"ಬೇಡ ಅಂದ್ರಲ್ಲ, ಮತ್ತೆ ಯಾಕೆ?" ಎಂದ ಶ್ರೀಶ.

"ನಾನು ಬೇಡ ಅಂದಿದ್ದು ಕೇಸರಿಬಾತನ್ನ. ನಿಮ್ಮನ್ನಲ್ಲ."

ಭಾನುವಾರ ಬೆಳಿಗ್ಗೆ ಮಲ್ಲತ್ತಹಳ್ಳಿ ಕೆರೆಯ ಬೆಂಚಿನ ಮೇಲೆ ಅವಳು ಎಲ್ಲವನ್ನೂ ಹೇಳಿದಳು. ಆಪರೇಷನ್, ಅಮ್ಮನ ಭಯ, ಲ್ಯಾಬಿನ ಬಾಗಿಲು... ಶ್ರೀಶ ಕೆರೆಯನ್ನೇ ನೋಡುತ್ತಿದ್ದ.

'ಮುಗೀತು. ಈಗ ಎದ್ದು ಹೋಗ್ತಾರೆ...'

"ಅವತ್ತು ನಾವು ಹೋದ್ಮೇಲೆ ಏನ್ ತಿಂದ್ರಿ?" ಎಂದು ಕೇಳಿದ ಅವನು.

"ಅಡುಗೆಮನೇಲಿ ನಿಂತು ಮೂರು ಚಮಚ ಪನೀರ್."

"ಒಬ್ರೇನಾ?"

"ಯಾವಾಗ್ಲೂ ಒಬ್ಳೇ."

ಎಷ್ಟು ತಡೆದರೂ ಅವಳ ಕಣ್ಣು ತುಂಬಿತು.

"ಈಗ ನಿಮ್ಮ ಊಟದ ಹೊತ್ತಲ್ವಾ? ತೆಗೀರಿ ಡಬ್ಬಿ."

"ಅರ್ಧ ಗಂಟೆ ಆಗುತ್ತೆ. ನಿಮಗೆ ಬೇಜಾರಾಗುತ್ತೆ."

"ಎಂಟು ದಿನ ಆಗಿದ್ದ ಬೇಜಾರಿಗಿಂತ ಜಾಸ್ತಿ ಆಗಲ್ಲ ಬಿಡಿ."

ಅವಳು ತೊವ್ವೆಯನ್ನು ಒಂದೊಂದೇ ಚಮಚ ತಿಂದಳು. ಅವನು ಗಡಿಯಾರ ನೋಡಲಿಲ್ಲ. ಮೂರನೆಯ ಚಮಚಕ್ಕೆ ಅವಳೇ ನಿಲ್ಲಿಸಿದಳು.

"ಮದುವೆ ದಿನ ಎಲೆ ಮುಂದೆ ಕೂತು ಇಷ್ಟೇ ತಿಂದು ಎದ್ರೆ ಜನ ಸುಮ್ನಿರಲ್ಲ. ನಿಮ್ಮಮ್ಮನೂ ಕೇಳ್ತಾರೆ."

"ಕೇಳಲಿ. ನಾನು ಏನ್ ಹೇಳ್ಬೇಕು, ನೀವೇ ಹೇಳಿ."

ಇಂಚರಾ ಅವನ ಮುಖ ನೋಡಿದಳು. "ನಿಜ ಹೇಳಿ," ಎಂದಳು ಮೆಲ್ಲಗೆ.

"ಇವತ್ತೇ ಹೋಗಿ ನಮ್ಮಮ್ಮಂಗೆ ಇಬ್ರೂ ಸೇರಿ ಹೇಳೋಣ. ಮೊದ್ಲು ಊಟ ಮುಗಿಸಿ. ನಾನು ಇಲ್ಲೇ ಕೂತಿರ್ತೀನಿ."