ಹನ್ನೆರಡು, ಹನ್ನೊಂದು, ಹತ್ತು

ಶುಕ್ರವಾರ ಮಧ್ಯಾಹ್ನ ಪ್ರವಾಸಿ ಕಚೇರಿಯೊಳಗೆ ಬಂದ ಅತಿಥಿ ತನ್ನ ಸ್ಕೀ ಹಲಗೆಯನ್ನು ತಲೆಕೆಳಗು ಮಾಡಿ ನನ್ನ ಮೇಜಿನ ಮೇಲೆ ಇಟ್ಟ. ತಳದುದ್ದಕ್ಕೂ ಕಲ್ಲು ಕೆರೆದ ಗೀರು.

"ಫೋನಲ್ಲಿ ಹೇಳೋದು ನೀವೇ ತಾನೆ? ದನಿ ಕೇಳಿದ್ರೇ ಗೊತ್ತಾಗತ್ತೆ. ಮೂರು ದಿನಕ್ಕೆ ಮೂವತ್ಮೂರು ಸೆಂಟಿಮೀಟರ್ ಹೊಸ ಹಿಮ ಅಂದ್ರಿ. ಎಲ್ಲಿದೆ? ಮೇಲೆ ಬರೀ ಕಲ್ಲು!"

ಹೌದು, ನಾನೇ, ಆಫ್ರಾ. ನಮ್ಮ ಹಿಂಟರ್‌ವಾಂಗಿನ ಹಿಮದ ಫೋನಿಗೆ ಈ ಚಳಿಗಾಲದಿಂದ ದನಿ ಕೊಡುತ್ತಿರುವವಳು. ದಿನಾ ಬೆಳಿಗ್ಗೆ ಏಳಕ್ಕೆ ಮೊದಲು ಒಂದು ನಿಮಿಷ ಮಾತಾಡಿ ರೆಕಾರ್ಡ್ ಮಾಡುತ್ತೇನೆ: ಮೇಲೆ ಹಿಮ ಎಷ್ಟಿದೆ, ಹೊಸದು ಎಷ್ಟು, ನಾಳೆ ಬೀಳುತ್ತದೋ ಇಲ್ಲವೋ, ಬೆಟ್ಟಕ್ಕೇರುವ ತೂಗುಕುರ್ಚಿಗಳ ಯಾವ ಲಿಫ್ಟ್ ಓಡುತ್ತದೆ. ನಮ್ಮ ಟಿರೋಲ್ ಪ್ರಾಂತ್ಯದ ಆಚೆಯಿಂದಲೂ ಜನ ಅದನ್ನು ಕೇಳಿ ಕಾರಿನ ಮೇಲೆ ಸ್ಕೀ ಕಟ್ಟಿಕೊಂಡು ಹೊರಡುತ್ತಾರೆ. ಆ ಮಾತೇ ಸುಳ್ಳಾದರೆ ನನಗೆ ಉಳಿಯುವುದೇನು?

ಪಕ್ಕದ ಬೇಕರಿಯ ನೋಟ್‌ಬುರ್ಗಾ ಬಾಗಿಲಲ್ಲೇ ನಿಂತು ಎಲ್ಲ ಕೇಳಿಸಿಕೊಂಡಳು. "ಇನ್ಮೇಲೆ ಆಫ್ರಾ ಮೂವತ್ತು ಅಂದ್ರೆ ಹತ್ತು ಅಂತ ತಿಳ್ಕೋಬೇಕು ಬಿಡಿ" ಎಂದು ನಕ್ಕು ಹೋದಳು. ಸಂಜೆಯೊಳಗೆ ಇಡೀ ಊರು ಅದನ್ನೇ ಹೇಳುತ್ತದೆಂದು ನನಗೆ ಗೊತ್ತಿತ್ತು.

ನನಗೆ ಅಂಕಿ ಕೊಡುವವನು ವಿಗಿಲ್. ಬೆಟ್ಟದ ತುದಿಯ ಲಿಫ್ಟ್ ನೋಡಿಕೊಂಡು ಚಳಿಗಾಲವಿಡೀ ಅಲ್ಲೇ ಮರದ ಕೋಣೆಯಲ್ಲಿ ಇರುತ್ತಾನೆ. ಶಾಲೆಯಲ್ಲಿ ನನಗಿಂತ ಮೂರು ತರಗತಿ ಮುಂದಿದ್ದ. ಆಗ ಮಾತಾಡಿದ ನೆನಪಿಲ್ಲ. ಈಗ ಬೆಳಿಗ್ಗೆ ಆರೂವರೆಗೆ ಅವನ ಫೋನ್ ಬರದಿದ್ದರೆ ನನಗೆ ಕಾಫಿ ರುಚಿಸುವುದಿಲ್ಲ.

ಕ್ರಿಸ್‌ಮಸ್ ಕಳೆದ ಮೇಲೆ ಹದಿನೈದು ದಿನ ಆಕಾಶ ಒಂದು ಚೂರೂ ಉದುರಿಸಿರಲಿಲ್ಲ. "ಹೊಸ ಹಿಮ ಸೊನ್ನೆ" ಅನ್ನಲು ಎಷ್ಟು ಹೊತ್ತು ಬೇಕು? ನಾವು ಇಪ್ಪತ್ತು ನಿಮಿಷ ತೆಗೆದುಕೊಳ್ಳುತ್ತಿದ್ದೆವು.

"ಸೊನ್ನೆ."

"ಸರಿಯಾಗಿ ನೋಡಿದ್ಯಾ?"

"ಕನ್ನಡಕ ಹಾಕ್ಕೊಂಡೇ ನೋಡ್ದೆ."

"ಕನ್ನಡಕ ಬಂತಾ? ಮುದುಕ ಆಗ್ಬಿಟ್ಯಲ್ಲೋ!"

"ಬಂದು ನೋಡಿ ಹೇಳು."

"ನಿನ್ನ ಮುಖ ನೋಡೋಕೆ ಅಷ್ಟು ಎತ್ತರ ಹತ್ತಬೇಕಾ?"

"ಹತ್ತೋದ್ಯಾಕೆ, ಕುರ್ಚಿ ಕಳಿಸ್ತೀನಿ. ರಾಣಿ ಥರ ಕೂತ್ಕೊಂಡು ಬಾ."

ಮೂವತ್ತನಾಲ್ಕು ವರ್ಷದ ಹೆಂಗಸು ಫೋನಿನ ವೈರನ್ನು ಬೆರಳಿಗೆ ಸುತ್ತಿಕೊಂಡು ನಗಬಾರದು. ನಾನು ನಗುತ್ತಿದ್ದೆ.

ಸೋಮವಾರ ಸಾಕಾಗಿ ಹೇಳಿದ್ದೆ, "ಎರಡು ಸೆಂಟಿಮೀಟರ್ ಆದ್ರೂ ಕೊಡೋ. ಸೊನ್ನೆ ಹೇಳಿ ಹೇಳಿ ನನ್ನ ಬಾಯಿ ಒಣಗಿಹೋಗಿದೆ." ಬುಧವಾರ ಬೆಳಿಗ್ಗೆ ನಿಜವಾಗಿಯೂ ಹಿಮ ಬಿದ್ದಿತ್ತು. "ಹನ್ನೆರಡು!" ಎಂದು ಕೂಗಿದ. ಗುರುವಾರ ಊರಲ್ಲಿ ಏನೂ ಇಲ್ಲ, ಬೆಟ್ಟದ ತುದಿ ಮೋಡದೊಳಗಿತ್ತು, "ಹನ್ನೊಂದು" ಎಂದ. ಶುಕ್ರವಾರ, ಅದೇ ಮೋಡ, "ಹತ್ತು." ನಾನು ಕೂಡಿಸಿ, ಹಾಡುವಂತೆ ಹೇಳಿದ್ದೆ.

ಈಗ ನನಗೆ ಹೊಳೆದದ್ದು ಒಂದೇ. ನನ್ನನ್ನು ಖುಷಿಪಡಿಸಲು ಇವನು ಇಲ್ಲದ ಹಿಮ ಸೃಷ್ಟಿಸಿದ್ದಾನೆ. ಕೋಟು ಹಾಕಿಕೊಂಡು ಸೀದಾ ಲಿಫ್ಟ್ ಹತ್ತಿದೆ.

ಮೇಲೆ ಅವನು ಸಲಿಕೆ ಹಿಡಿದು ಮೆಟ್ಟಿಲ ಮೇಲಿನ ಹಿಮ ತೆಗೆಯುತ್ತಿದ್ದ. ಕನ್ನಡಕ ಚೆನ್ನಾಗಿಯೇ ಒಪ್ಪುತ್ತಿತ್ತು. ಅದು ಇನ್ನಷ್ಟು ಸಿಟ್ಟು ತರಿಸಿತು.

"ನೀವು ನನ್ನ ಮಾನ ಕಳೆದ್ರಿ" ಎಂದೆ.

"ಏನಾಯ್ತು? ನಾನು ಯಾವಾಗ 'ನೀವು' ಆದೆ?"

"ನನಗೋಸ್ಕರ ಸುಳ್ಳು ಅಂಕಿ ಕೊಟ್ರಲ್ಲ, ಆವಾಗಿಂದ."

ಅವನು ಸಲಿಕೆಯನ್ನು ಗೋಡೆಗೆ ಒರಗಿಸಿದ. "ಆಫ್ರಾ, ಹನ್ನೆರಡು ಚಳಿಗಾಲ ಅಳೆದಿದೀನಿ. ಒಂದು ಮಿಲಿಮೀಟರ್ ಸುಳ್ಳು ಹೇಳಿಲ್ಲ. ಬಾ, ನೀನೇ ನೋಡು."

ಕೋಣೆಯ ಹಿಂದೆ ಅಳತೆಯ ಮಣೆ ಇತ್ತು, ಬಿಳಿ ಬಣ್ಣ ಬಳಿದದ್ದು, ನಡುವೆ ಒಂದು ಸ್ಕೇಲು. ಹಿಮ ಹತ್ತಕ್ಕೇ ನಿಂತಿತ್ತು. ಆದರೆ ಅದರ ಮೇಲೆ ಹೊಗೆಗೂಡಿನ ಮಸಿ ಕೂತಿತ್ತು, ಕಾಗೆ ನಡೆದ ಹೆಜ್ಜೆಗಳಿದ್ದವು. ಬೆರಳಿಟ್ಟರೆ ಗಟ್ಟಿ.

"ಹನ್ನೆರಡು, ಹನ್ನೊಂದು, ಹತ್ತು" ಎಂದೆ ಮೆಲ್ಲಗೆ. "ವಿಗಿಲ್, ಇದು ಬುಧವಾರದ್ದೇ. ದಿನಾ ಒಂದೊಂದು ಸೆಂಟಿಮೀಟರ್ ಕುಸಿದಿದೆ. ಅಳೆದ ಮೇಲೆ ಮಣೆ ಒರೆಸಿದ್ಯಾ?"

ಅಳೆಯಬೇಕು, ಮರುದಿನ ಹೊಸದು ಮಾತ್ರ ಸಿಗುವಂತೆ ಮಣೆ ಒರೆಸಬೇಕು, ಆಮೇಲೆ ಫೋನ್ ಮಾಡಬೇಕು. ನಮ್ಮೂರಿನಲ್ಲಿ ಮಕ್ಕಳಿಗೂ ಗೊತ್ತು. ಅವನು ಬಗ್ಗಿ ಆ ಮಸಿಯನ್ನು ಬೆರಳಿನಿಂದ ಮುಟ್ಟಿದ.

"ಹದಿನೈದು ದಿನ ಒರೆಸೋಕೆ ಏನೂ ಇರ್ಲಿಲ್ಲ" ಎಂದ. "ಸ್ಕೇಲು ನೋಡಿದ ಕೂಡ್ಲೇ ಓಡಿ ಬಂದು ಫೋನ್ ಹಿಡೀತಿದ್ದೆ. ಹಿಮ ಬಿದ್ದ ಮೇಲೂ ಹಾಗೇ ಓಡಿದೀನಿ. ಇಳಿಜಾರಲ್ಲಿ ಹಿಮದ ಒಟ್ಟು ಆಳ ಏರಿರ್ಲಿಲ್ಲ, ನಿಜ. ಗಾಳಿ ಒಯ್ದಿರಬೇಕು ಅಂದ್ಕೊಂಡೆ."

"ಯಾಕೆ ಓಡ್ಬೇಕಿತ್ತು? ಫೋನ್ ಎಲ್ಲೂ ಹೋಗಲ್ವಲ್ಲ."

ಅವನು ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸತೊಡಗಿದ.

"ಅದನ್ನ ಒರೆಸೋದು ಮರೆಯಲ್ಲ" ಎಂದೆ. ಸಿಟ್ಟು ಎಲ್ಲಿ ಹೋಯಿತೋ ತಿಳಿಯಲಿಲ್ಲ. "ಸರಿ, ಕೂಡಿಸಿದ್ದು ನಾನು. ನನ್ನ ತಪ್ಪು ಅಂತ ಹೇಳ್ಬಿಡ್ತೀನಿ. ನಿನ್ನ ಹನ್ನೆರಡು ವರ್ಷದ ಹೆಸರು ಉಳೀಲಿ."

"ನಿನ್ನ ಹೆಸರು ಹಾಳಾಗಿ ನಂದು ಉಳಿಯೋದು ಬೇಡ."

ಲಿಫ್ಟನ್ನು ಜೊತೆ ಕೆಲಸಗಾರನೊಬ್ಬನಿಗೆ ಒಪ್ಪಿಸಿ ನನ್ನ ಪಕ್ಕದ ಕುರ್ಚಿಯಲ್ಲಿ ಕೂತ. ಎಲ್ಲರೂ ಸ್ಕೀಯಲ್ಲೇ ಜಾರಿ ಇಳಿಯುತ್ತಾರೆ, ಕೆಳಗಿಳಿಯುವ ಲಿಫ್ಟಿನಲ್ಲಿ ಯಾರೂ ಕೂರುವುದಿಲ್ಲ. ಮೇಲೆ ಬರುತ್ತಿದ್ದವರೆಲ್ಲ ತಿರುಗಿ ತಿರುಗಿ ನೋಡಿದರು. ನಮ್ಮ ಕೈಗವಸುಗಳ ನಡುವೆ ಒಂದು ಗೇಣು ಜಾಗ ಇತ್ತು. ದಾರಿಯುದ್ದಕ್ಕೂ ಇಬ್ಬರೂ ಅದನ್ನೇ ನೋಡಿದೆವು.

ಕಚೇರಿಯಲ್ಲಿ ಅವನು ನನ್ನ ಕುರ್ಚಿಯಲ್ಲಿ ಕೂತು ರೆಕಾರ್ಡಿನ ಗುಂಡಿ ಒತ್ತಿದ.

"ಇದು ಆಫ್ರಾ ಅಲ್ಲ, ವಿಗಿಲ್. ಮೂವತ್ಮೂರು ಅಂದದ್ದು ತಪ್ಪು. ಹೊಸ ಹಿಮ ಹನ್ನೆರಡೇ, ಅದೂ ಬುಧವಾರದ್ದು. ಮೇಲಿನ ಇಳಿಜಾರಿನಲ್ಲಿ ಕಲ್ಲುಗಳಿವೆ, ಹುಷಾರು. ಭಾನುವಾರ ಬೀಳುವ ಸಾಧ್ಯತೆ ಇದೆ. ತಪ್ಪು ಆಫ್ರಾಳದ್ದಲ್ಲ. ನಾನು ಮಣೆ ಒರೆಸದೆ ಫೋನಿಗೆ ಓಡಿದೆ. ಯಾಕಂದ್ರೆ..." ಕನ್ನಡಕ ಮೇಲಕ್ಕೆ ತಳ್ಳಿಕೊಂಡ. "ಯಾಕಂದ್ರೆ ಆ ಕಡೆ ಅವಳಿರ್ತಾಳೆ. ನನಗೆ ಅವಳಂದ್ರೆ ಪ್ರಾಣ. ಐದು ಲಿಫ್ಟ್ ಓಡ್ತಿವೆ. ಧನ್ಯವಾದ."

ನನ್ನ ಕಿವಿ ಬಿಸಿಯಾಗಿತ್ತು. ಅವನು ನನ್ನತ್ತ ನೋಡಲಾರದೆ ಕೇಳಿದ, "ಕೊನೇದು ಅಳಿಸ್ಲಾ?"

"ಮುಟ್ಟಿದ್ರೆ ಕೈ ಮುರೀತೀನಿ. ಹನ್ನೆರಡು ವರ್ಷದಲ್ಲಿ ನೀನು ಕೊಟ್ಟ ಅತಿ ಒಳ್ಳೆ ವರದಿ ಅದು."

ಅರ್ಧ ಗಂಟೆಯಲ್ಲಿ ನೋಟ್‌ಬುರ್ಗಾ ಓಡಿ ಬಂದಳು. "ಆರು ಸಲ ಫೋನ್ ಮಾಡ್ದೆ ಕಣೇ, ಬರೀ ಎಂಗೇಜ್, ಏಳನೇ ಸಲ ಸಿಕ್ತು! ಇಡೀ ಕಣಿವೆ ಕೇಳ್ತಾ ಇದೆ!" ಅಲ್ಲಿ ಕೂತಿದ್ದ ವಿಗಿಲ್‌ನನ್ನು ಕಂಡು ಬಾಯಿಗೆ ಸೆರಗಿನಂತೆ ಏಪ್ರನ್ ಹಿಡಿದುಕೊಂಡಳು.

ಭಾನುವಾರ ಬೆಳಿಗ್ಗೆ ಆರಕ್ಕೆ ಅವನು ನನಗೊಬ್ಬಳಿಗೇ ಕುರ್ಚಿ ಕಳಿಸಿದ. ಹಿಮ ಇನ್ನೂ ಉದುರುತ್ತಿತ್ತು. ಮಣೆಯ ಮುಂದೆ ಮೊಣಕಾಲೂರಿ, ಕನ್ನಡಕದ ಮೇಲಿಂದ ಸ್ಕೇಲು ನೋಡಿ "ಹದಿನೇಳು" ಎಂದ. ಅವನು ಏಳುವ ಮೊದಲೇ ನಾನು ತೋಳಿನಿಂದ ಮಣೆಯನ್ನು ಸ್ವಚ್ಛವಾಗಿ ಒರೆಸಿದೆ.

ರೂಢಿಯಂತೆ ಅವನು ಕೋಣೆಯತ್ತ ನಾಲ್ಕು ಹೆಜ್ಜೆ ಓಡಿದ. ಬಾಗಿಲ ಬಳಿ ತಟ್ಟನೆ ನಿಂತು ತಿರುಗಿದ.

"ಈಗ ಯಾರಿಗೆ ಫೋನ್ ಮಾಡ್ಲಿ?"

"ಓಡೋದಾದ್ರೆ ಈ ಕಡೆ ಓಡು" ಎಂದೆ.