ಹುಣಸೆಹಣ್ಣಿನಲ್ಲಿ ಬೆಳಗಿದ ಬುದ್ಧ

"ಅಯ್ಯೋ, ಏನ್ ಮಾಡ್ಬಿಟ್ಟೆ ಸಿದ್ದಮ್ಮ!"

ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ಪುಟ್ಟಸ್ವಾಮಿಯ ಕೂಗಿಗೆ ಸಿದ್ದಮ್ಮನ ಕೈಯಲ್ಲಿದ್ದ ಹುಣಸೆಹಣ್ಣು ನೆಲಕ್ಕೆ ಬಿತ್ತು. ಎದುರಿಗೆ ಸಯಾಮ್ ದೇಶದ ಕಂಚಿನ ಬುದ್ಧ ಫಳಫಳ ಹೊಳೆಯುತ್ತಿದ್ದ.

"ಬೆಳಗಿದೆ ರೈಟ್ರೇ... ಪಾಪ, ಮೈಯೆಲ್ಲ ಹಸಿರು ಹಿಡಿದಿತ್ತು. ನಮ್ಮನೇಲಿ ದೇವರ ಸಾಮಾನು ಹಿಂಗೇ ಬೆಳಗೋದು..."

"ಆ ಹಸಿರೇ ಅದರ ಬೆಲೆ ಕಣೇ! ನಾನೂರು ವರ್ಷದಿಂದ ಕಟ್ಟಿದ್ದು. ನಾಳೆ ಮ್ಯೂಸಿಯಮ್ಮಿನವರು ಬರ್ತಾರೆ..."

ಪುಟ್ಟಸ್ವಾಮಿ ನೇರ ದೊರೆಯ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡ.

ಅದು ಮೂವತ್ತೆಂಟನೇ ಇಸವಿ. ಜಾವಳಿ ಹತ್ತಿರದ ಆ ಕಾಫಿ ಎಸ್ಟೇಟ್ ಬಂಗಲೆಯ ಬಿಳಿ ದೊರೆ ದೇಶದೇಶ ಸುತ್ತಿದವನು. ಚೀನಾದ ಹೂಜಿ, ಪಾರಸಿಕರ ಬಣ್ಣದ ತಟ್ಟೆ, ಆಫ್ರಿಕದ ಮರದ ಮುಖವಾಡ... ಎಲ್ಲ ತಂದು ತುಂಬಿದ್ದ. ತನ್ನ ದೇಶಕ್ಕೆ ಹಿಂತಿರುಗುವ ಮುನ್ನ ಅಷ್ಟನ್ನೂ ಬೆಂಗಳೂರಿನ ಮ್ಯೂಸಿಯಮ್ಮಿಗೆ ಕೊಡುವವನಿದ್ದ. ಪುಟ್ಟಸ್ವಾಮಿಗೂ ಅಲ್ಲೇ ಕೆಲಸ ಕೊಡಿಸುವ ಮಾತಾಗಿತ್ತು.

ಆ ವಸ್ತುಗಳ ಪಟ್ಟಿ ಬರೆಯೋದು ಅವನು, ಧೂಳು ಒರೆಸೋದು ಸಿದ್ದಮ್ಮ. ಎರಡು ತಿಂಗಳಿಂದ ಅವನು ಒಂದೊಂದು ವಸ್ತುವಿನ ಕಥೆ ಹೇಳುತ್ತಿದ್ದ. ಇವಳು ವಸ್ತು ಬಿಟ್ಟು ಅವನ ಮುಖ ನೋಡುತ್ತಿದ್ದಳು. ಬೆಳಗುವ ಮುಂಚೆ ಒಂದು ಮಾತು ಕೇಳಿದ್ದರೆ ಬಾಯಿ ಸವೆಯುತ್ತಿತ್ತೇ ಹುಡುಗಿಗೆ? ಏನು ಮಾಡೋದು, ಅವನ ಬಾಯಲ್ಲಿ ಶಭಾಷ್ ಅನ್ನಿಸಿಕೊಳ್ಳುವ ಆಸೆ!

ಈಗ ದೊರೆಯ ಬಾಗಿಲಿಗೆ ಕಿವಿಗೊಟ್ಟು ನಿಂತಳು.

'ಚಾಡಿ ಹೇಳ್ತಿದಾರೆ... ನಮ್ಮನ್ನ ಈ ಕೂಲಿಯವರ ಲೈನ್‌ಮನೆಯಿಂದ ಓಡಿಸ್ತಾರೆ. ಕಾಯಿಲೆಯ ಅವ್ವನ್ನ ಕಟ್ಕೊಂಡು ಎಲ್ಲಿಗೆ ಹೋಗಲಿ?'

ಒಳಗೆ ದೊರೆ ಗದರಿದ. ಮೇಜು ಗುದ್ದಿದ ಸದ್ದು. ಇಂಗ್ಲಿಷು ಇವಳಿಗೆ ಅರ್ಥವಾಗಬೇಕಲ್ಲ! ತಡೆಯಲಾರದೆ ಬಾಗಿಲು ತಳ್ಳಿಯೇಬಿಟ್ಟಳು.

"ದೊರೆಗಳೇ, ಬೆಳಗಿದ್ದು ನಾನು! ಏನ್ ಬೇಕಾದ್ರೂ ಬೈಯಿರಿ... ಅವ್ವನ್ನ ಮಾತ್ರ ಓಡಿಸ್ಬೇಡಿ!"

ದೊರೆ ತನ್ನ ಹರಕುಮುರುಕು ಕನ್ನಡದಲ್ಲಿ ಕೇಳಿದ. "ನೀನು? ರೈಟರ್ ತಾನೇ ಬೆಳಗಿದ್ದು ಅಂದ!"

ಸಿದ್ದಮ್ಮ ದಂಗಾದಳು. ಪುಟ್ಟಸ್ವಾಮಿ ತಲೆ ಎತ್ತಲಿಲ್ಲ.

"ಉಜ್ಜಬೇಡ ಅಂತ ನಾನು ಇವಳಿಗೆ ಹೇಳಿರಲಿಲ್ಲ ದೊರೆ. ತಪ್ಪು ನಂದೇ."

ದೊರೆ ಪುಟ್ಟಸ್ವಾಮಿಯತ್ತ ಬೆರಳು ತೋರಿಸಿದ.

"ನೀನು ಬೆಂಗಳೂರಿಗೆ ಬೇಡ. ನಾಳೆಯಿಂದ ಕಾಫಿ ಹಣ್ಣು ಸುಲಿಯೋ ಪಲ್ಪಿಂಗ್ ಮನೆ ನೋಡ್ಕೋ. ಅವಳು ಲೈನಲ್ಲೇ ಇರಲಿ. ಹೋಗಿ!"

ಜಗಲಿಗೆ ಬರುವಷ್ಟರಲ್ಲಿ ಸಿದ್ದಮ್ಮನ ಕಣ್ಣು ಕೋಡಿ ಬಿದ್ದಿತ್ತು.

"ನಿಮ್ಮನ್ನ ಏನೇನೋ ಅಂದ್ಕೊಂಡೆ... ನನ್ನಿಂದ ನಿಮ್ಮ ಕೆಲಸ ಹೋಯ್ತಲ್ಲ ರೈಟ್ರೇ!"

"ಹೋಗ್ಲಿ ಬಿಡು ಮಾರಾಯ್ತಿ. ನಿನ್ನ ಬಿಟ್ಟು ಬೆಂಗಳೂರಿಗೆ ಹೆಂಗೆ ಹೋಗೋದು ಅಂತ ಹದಿನೈದು ದಿನದಿಂದ ಊಟ ಸೇರ್ತಿರಲಿಲ್ಲ ನಂಗೆ."

ಅವಳ ಅಳು ಗಕ್ಕನೆ ನಿಂತಿತು.

"ನಿಮ್ಮವ್ವನ ಹತ್ರ ಹೆಣ್ಣು ಕೇಳೋಕೆ ಯಾರನ್ನ ಕಳಿಸ್ಲಿ, ಸಿದ್ದಿ?"

"ಯಾರೂ ಬೇಡ, ನೀವೇ ಬನ್ನಿ... ಆದ್ರೆ ಅವ್ವ ಬೈತಾಳೆ."

"ಯಾಕೆ? ನಾನೇನ್ ಮಾಡ್ದೆ?"

ಸಿದ್ದಮ್ಮ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು.

"ಇಷ್ಟು ದಿನ ಯಾಕೆ ಬರಲಿಲ್ಲ ಅಂತ!"